ವಾಟರ್ ಬ್ಲಾಕ್‌ಗೆ ಹೊಸ ನಿಕ್ಕಲ್ ಹಾಕಿಸಿದ್ದು

ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ರೆಂಡರ್ (ದೃಶ್ಯವನ್ನು ಲೆಕ್ಕ ಹಾಕಿ ಚಿತ್ರ ಮಾಡುವ ಕೆಲಸ) ಶುರು ಮಾಡಿದ ಸ್ವಲ್ಪ ಹೊತ್ತಿಗೆಲ್ಲ ಪ್ರೊಸೆಸರ್ 90 ಡಿಗ್ರಿ ಮುಟ್ಟಿ ಅಲ್ಲೇ ಕೂತುಬಿಡುತ್ತಿತ್ತು. ನನ್ನದು ರೈಜನ್ 9 5900ಎಕ್ಸ್. ಅದಕ್ಕೆ ಎಎಂಡಿ ಇಟ್ಟಿರುವ ಮಿತಿಯೇ 90. ಅಲ್ಲಿಗೆ ಬಂದರೆ ಚಿಪ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಸುಟ್ಟು ಹೋಗುತ್ತದೆ ಅನ್ನುವ ಭಯ ಇಲ್ಲ, ಆದರೆ ದುಡ್ಡು ಕೊಟ್ಟು ಕೊಂಡ ವೇಗ ಕೈಗೆ ಸಿಗುವುದಿಲ್ಲ. ಹೊಸದಾಗಿ ಜೋಡಿಸಿದಾಗ ಇದೇ ಕೆಲಸಕ್ಕೆ 72-73ರ ಆಸುಪಾಸಿನಲ್ಲಿ ಇರುತ್ತಿತ್ತು.

ವಾಟರ್ ಕೂಲಿಂಗ್ ಇರುವವರು ಇಂಥ ಹೊತ್ತಲ್ಲಿ ಮೊದಲು ನೋಡಬೇಕಾದ್ದು ನೀರಿನ ಬಿಸಿ. ನನ್ನ ಲೂಪಿನಲ್ಲಿ, ಅಂದರೆ ನೀರು ಸುತ್ತುವ ದಾರಿಯಲ್ಲಿ, ಒಂದು ಸೆನ್ಸರ್ ಇದೆ. ಅದು 38 ತೋರಿಸುತ್ತಿತ್ತು. ಬೆಂಗಳೂರಿನ ಏಪ್ರಿಲ್‌ಗೆ ಅದೇನೂ ಜಾಸ್ತಿ ಅಲ್ಲ. ಅಂದರೆ ಫ್ಯಾನು, ರೇಡಿಯೇಟರ್ ಎರಡೂ ತಮ್ಮ ಕೆಲಸ ಮಾಡುತ್ತಿವೆ. ಆದರೆ ಚಿಪ್ಪಿನ ಬಿಸಿ ನೀರಿಗೆ ಸರಿಯಾಗಿ ಇಳಿಯುತ್ತಿಲ್ಲ. ತೊಂದರೆ ಇರುವುದು ಚಿಪ್ಪಿಗೂ ನೀರಿಗೂ ನಡುವೆ: ಒಂದೋ ಚಿಪ್ಪಿಗೂ ಬ್ಲಾಕಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್, ಇಲ್ಲ ಬ್ಲಾಕ್. ಪೇಸ್ಟ್ ಬದಲಾಯಿಸಿ ಜಾಸ್ತಿ ಕಾಲ ಆಗಿರಲಿಲ್ಲ. ಜೊತೆಗೆ ನೀರಿನ ಹರಿವು ತೋರಿಸುವ ಪುಟ್ಟ ಚಕ್ರ ಮೊದಲಿಗಿಂತ ನಿಧಾನಕ್ಕೆ ತಿರುಗುತ್ತಿತ್ತು. ಬ್ಲಾಕ್ ಕಟ್ಟಿಕೊಂಡಿದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಗೊತ್ತಿಲ್ಲದವರಿಗೆ ಎರಡು ಮಾತು. ವಾಟರ್ ಬ್ಲಾಕ್ ಅಂದರೆ ಪ್ರೊಸೆಸರ್ ಮೇಲೆ ಕೂರುವ ತಾಮ್ರದ ದಪ್ಪ ತಟ್ಟೆ. ನನ್ನದಕ್ಕೆ ಮೇಲೆ ನಿಕ್ಕಲ್ ಲೇಪನ ಇತ್ತು. ಕೆಳಗಿನ ಮುಖ ನುಣುಪಾಗಿ ಚಿಪ್ಪಿಗೆ ಒತ್ತಿಕೊಳ್ಳುತ್ತದೆ. ಮೇಲಿನ ಮುಖದಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಸಾಲು ಸಾಲು ಫಿನ್‌ಗಳು. ಎರಡು ಫಿನ್ ನಡುವಿನ ಸಂದಿ ಅರ್ಧ ಮಿಲಿಮೀಟರಿಗೂ ಕಡಿಮೆ. ಅದರ ಮೇಲೆ ಜೆಟ್ ಪ್ಲೇಟ್ ಅನ್ನುವ ತೆಳು ತಗಡು, ಮಧ್ಯದಲ್ಲಿ ಒಂದು ಸೀಳು. ಪಂಪಿನಿಂದ ಬಂದ ನೀರು ಆ ಸೀಳಿನಿಂದ ರಭಸವಾಗಿ ಫಿನ್‌ಗಳ ಮಧ್ಯಕ್ಕೆ ಬಿದ್ದು ಎರಡೂ ಕಡೆ ಹಂಚಿಹೋಗುತ್ತದೆ. ಎಲ್ಲದರ ಮೇಲೆ ಅಕ್ರಿಲಿಕ್ ಮುಚ್ಚಳ, ನಡುವೆ ನೀರು ಸೋರದಂತೆ ಓ-ರಿಂಗ್. ಇಡೀ ಲೂಪಿನಲ್ಲಿ ಅತಿ ಕಿರಿದಾದ ದಾರಿ ಇದೇ. ಹಾಗಾಗಿ ನೀರಿನಲ್ಲಿ ಏನೇ ಕಸ ಇದ್ದರೂ ಬಂದು ನಿಲ್ಲುವುದು ಇಲ್ಲೇ. ಯಾರೂ ಕೇಳದಿದ್ದರೂ ಬ್ಲಾಕ್ ಫಿಲ್ಟರ್ ಕೆಲಸವನ್ನೂ ಮಾಡುತ್ತದೆ.

ನೀರು ಖಾಲಿ ಮಾಡುವ ಮುಂಚೆ ಹತ್ತು ನಿಮಿಷ ರೆಂಡರ್ ಓಡಿಸಿ ಚಿಪ್ ಬಿಸಿ ಮಾಡಿಕೊಂಡೆ. ಎಎಂಡಿಯ ಎಎಂ4 ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಇರುವವರು ಇದನ್ನು ಮರೆಯಬಾರದು. ಈ ಸಾಕೆಟ್ಟಿನಲ್ಲಿ ಪಿನ್‌ಗಳು ಇರುವುದು ಪ್ರೊಸೆಸರ್‌ನ ಹೊಟ್ಟೆಗೆ, ಅದನ್ನು ಹಿಡಿದಿಡಲು ಮೇಲೆ ಚೌಕಟ್ಟು ಇಲ್ಲ. ಪೇಸ್ಟ್ ಗಟ್ಟಿಯಾಗಿದ್ದಾಗ ಬ್ಲಾಕನ್ನು ನೇರ ಮೇಲಕ್ಕೆ ಎಳೆದರೆ ಲಿವರ್ ಹಾಕಿದ್ದರೂ ಪ್ರೊಸೆಸರ್ ಜೊತೆಗೇ ಕಿತ್ತು ಬರುತ್ತದೆ. ಪಿನ್ ಬಾಗಿದರೆ ಆಮೇಲೆ ಸೂಜಿ ಹಿಡಿದು ಕೂರಬೇಕು. ಬಿಸಿ ಇದ್ದಾಗ ಪೇಸ್ಟ್ ಮೆತ್ತಗಿರುತ್ತದೆ. ಬ್ಲಾಕನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುವಿ, ಜಾರಿಸಿ ಬಿಡಿಸಿಕೊಂಡರೆ ಸದ್ದಿಲ್ಲದೆ ಬರುತ್ತದೆ.

ಮುಚ್ಚಳ ಬಿಚ್ಚುವ ಮುನ್ನ ಎಲ್ಲ ಕಡೆಯಿಂದ ಫೋಟೋ ತೆಗೆದುಕೊಂಡೆ. ಜೆಟ್ ಪ್ಲೇಟ್ ಯಾವ ದಿಕ್ಕಿಗೆ ಕೂತಿತ್ತು, ಯಾವ ತೂತು ನೀರು ಒಳಗೆ ಬರುವುದು ಅನ್ನುವುದು ಆಮೇಲೆ ನೆನಪಿರುವುದಿಲ್ಲ. ಉಲ್ಟಾ ಜೋಡಿಸಿದರೂ ಸೋರುವುದಿಲ್ಲ, ಸುಮ್ನೆ ಕೆಲವು ಡಿಗ್ರಿ ಜಾಸ್ತಿ ತೋರಿಸುತ್ತಿರುತ್ತದೆ. ಕಾರಣವೂ ಗೊತ್ತಾಗುವುದಿಲ್ಲ.

ಸ್ಕ್ರೂ ಬಿಚ್ಚಿದೆ. ಮುಚ್ಚಳ ಎತ್ತಿದೆ. ಫಿನ್‌ಗಳ ಮಧ್ಯದ ಸಾಲು ಕಾಣಿಸುತ್ತಲೇ ಇರಲಿಲ್ಲ. ಬಿಳಿ ಬಣ್ಣದ, ಸ್ವಲ್ಪ ಹಸಿರು ಮಿಶ್ರವಾದ ಅಂಟು ತುಂಬಿಕೊಂಡಿತ್ತು. ಬೆರಳಿಗೆ ತೆಗೆದುಕೊಂಡು ಉಜ್ಜಿದರೆ ಜಿಡ್ಡು ಜಿಡ್ಡು. ಅದರೊಳಗೆ ಬೆಳ್ಳಿ ಬಣ್ಣದ ಸಣ್ಣ ಚೂರುಗಳು ಹೊಳೆಯುತ್ತಿದ್ದವು. ಲೆನ್ಸ್ ಇಟ್ಟು ನೋಡಿದೆ. ಫಿನ್‌ಗಳ ಪಕ್ಕದಲ್ಲಿ ನಿಕ್ಕಲ್ ಲೇಪನ ಎದ್ದು, ಅಡಿಯ ತಾಮ್ರ ಕೆಂಪಗೆ ಕಾಣುತ್ತಿತ್ತು. ಆ ಚೂರುಗಳು ಅಲ್ಲಿಂದಲೇ ಬಂದಿದ್ದವು.

ಅಂಟು ಎಲ್ಲಿಂದ ಬಂತು? ಪಾರದರ್ಶಕ ಪಿವಿಸಿ ಟ್ಯೂಬಿನಿಂದ. ಪಿವಿಸಿ ಹುಟ್ಟಿನಿಂದ ಗಟ್ಟಿ ಪ್ಲಾಸ್ಟಿಕ್. ಅದನ್ನು ಬಾಗುವಂತೆ ಮಾಡಲು ಪ್ಲಾಸ್ಟಿಸೈಸರ್ ಸೇರಿಸುತ್ತಾರೆ. ಬಿಸಿ ನೀರು ಸದಾ ಹರಿಯುತ್ತಿದ್ದರೆ ಅದು ನಿಧಾನಕ್ಕೆ ಟ್ಯೂಬಿನಿಂದ ಹೊರಬಂದು ನೀರಿಗೆ ಸೇರುತ್ತದೆ. ಟ್ಯೂಬ್ ಮಬ್ಬಾಗುತ್ತದೆ, ಗಡುಸಾಗುತ್ತದೆ. ಹೊರಬಂದದ್ದು ಫಿನ್‌ಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಬಣ್ಣದ ಕೂಲಂಟ್ ಹಾಕಿದ್ದರೆ ಬಣ್ಣದ ಕಣಗಳೂ ಅದಕ್ಕೆ ಅಂಟಿಕೊಳ್ಳುತ್ತವೆ. ಗಾಜಿನ ಬಾಗಿಲಿನ ಕೇಸ್, ಒಳಗೆ ಬಣ್ಣದ ನೀರು, ಸುತ್ತ ಆರ್‌ಜಿಬಿ ದೀಪ. ನೋಡಲು ಚಂದ ಇರುತ್ತದೆ, ನಾನೂ ಅದಕ್ಕೇ ಮರುಳಾದವನೇ.

ಇಲ್ಲಿ ಕೊಳೆ ಎರಡು ಥರದ್ದು ಇರುತ್ತದೆ. ಎರಡಕ್ಕೂ ಔಷಧಿ ಬೇರೆ. ಜಿಡ್ಡು ಹೋಗುವುದು ಸೋಪಿಗೆ. ತಾಮ್ರದ ಕಪ್ಪು, ಹಸಿರು ಕಿಲುಬು, ನೀರಿನ ಬಿಳಿ ಗಡುಸು ಹೋಗುವುದು ಹುಳಿಗೆ. ಜಿಡ್ಡಿನ ಮೇಲೆಯೇ ವಿನೆಗರ್ ಸುರಿದರೆ ಅದು ಲೋಹವನ್ನು ಮುಟ್ಟುವುದೇ ಇಲ್ಲ. ಅದಕ್ಕೆ ಮೊದಲು ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತಾಮ್ರದ ತಟ್ಟೆಯನ್ನು ನೆನೆಸಿದೆ. ಆಮೇಲೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಫಿನ್‌ಗಳ ಉದ್ದಕ್ಕೂ ಉಜ್ಜಿದೆ. ಅಡ್ಡಕ್ಕೆ ಉಜ್ಜಬಾರದು, ಫಿನ್ ಬಾಗುತ್ತದೆ. ತಂತಿ ಬ್ರಷ್ ಅಂತೂ ಹತ್ತಿರಕ್ಕೂ ತರಬೇಡಿ. ಒಂದೊಂದು ಸಂದಿಯ ತಳದಲ್ಲಿ ಕೂತಿದ್ದ ಅಂಟು ಬ್ರಷ್ಷಿಗೂ ಬರಲಿಲ್ಲ. ಅದಕ್ಕೆ ಪ್ಲಾಸ್ಟಿಕ್ ಹಾಳೆಯನ್ನು ಸಣ್ಣ ಪಟ್ಟಿಯಾಗಿ ಕತ್ತರಿಸಿ, ಸಂದಿಗೆ ಇಳಿಸಿ ಎಳೆದೆ. ದಾರದ ಹಾಗೆ ಬಿಳಿ ಎಳೆ ಹೊರಗೆ ಬಂತು. ಅಸಹ್ಯ, ಆದರೆ ಒಂಥರಾ ಖುಷಿ. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ತೊಳೆದೆ.

ಆಲ್ಕೋಹಾಲ್ ತಾಮ್ರಕ್ಕೆ ಮಾತ್ರ. ಅಕ್ರಿಲಿಕ್ ಮುಚ್ಚಳಕ್ಕೆ ಅದನ್ನು ತಾಗಿಸಲೇಬಾರದು. ಸ್ಕ್ರೂ ತೂತಿನ ಸುತ್ತ, ಫಿಟ್ಟಿಂಗ್ ಕೂರುವ ಕಡೆ ಅಕ್ರಿಲಿಕ್ ಒಳಗೆ ಬಿಗಿತ ಇರುತ್ತದೆ. ಆಲ್ಕೋಹಾಲ್ ಬಿದ್ದರೆ ಅಲ್ಲಿ ಕೂದಲೆಳೆಯಂಥ ನೂರಾರು ಬಿರುಕು ಮೂಡುತ್ತವೆ. ಒಂದು ಸಲ ಮೂಡಿದರೆ ಮುಚ್ಚಳ ಕಸದಬುಟ್ಟಿಗೇ. ಅದಕ್ಕೆ ಉಗುರುಬೆಚ್ಚಗಿನ ನೀರು, ಸೋಪು, ಮೆತ್ತನೆ ಬಟ್ಟೆ ಸಾಕು.

ಹುಳಿ ಅಂದಾಗ ನಮ್ಮ ಮನೆಗಳಲ್ಲಿ ಹುಣಸೆಹಣ್ಣೇ ಮೊದಲು, ಅಲ್ವಾ? ತಾಮ್ರದ ಚೊಂಬು, ದೇವರ ತಟ್ಟೆ ಹೊಳೆಯುವುದು ಅದರಲ್ಲಿರುವ ಟಾರ್ಟಾರಿಕ್ ಆಮ್ಲದಿಂದ. ಬ್ಲಾಕಿಗೂ ಅದು ಕೆಲಸ ಮಾಡುತ್ತದೆ. ಆದರೆ ಹುಣಸೆಯ ನಾರು ಫಿನ್ ಸಂದಿಯಲ್ಲಿ ಕೂತರೆ ತೆಗೆಯುವವರು ಯಾರು? ಪಾತ್ರೆ ಉಜ್ಜುವ ಪುಡಿಗಳದ್ದೂ ಅದೇ ಕಥೆ, ಅವುಗಳ ಒಳಗೆ ಗೀರುವ ಕಣಗಳಿರುತ್ತವೆ. ಹಾಗಾಗಿ ಬಿಳಿ ವಿನೆಗರ್‌ಗೆ ನೀರು ಬೆರೆಸಿ, ಸ್ವಲ್ಪವೇ ಹೊತ್ತು ಅದ್ದಿ ತೆಗೆದೆ. ಪೂರ್ತಿ ಬರೀ ತಾಮ್ರದ ಬ್ಲಾಕ್ ಆಗಿದ್ದರೆ ಒಂದು ಚಿಟಿಕೆ ಉಪ್ಪು ಸೇರಿಸಬಹುದು, ಬೇಗ ಬಿಡುತ್ತದೆ. ನಿಕ್ಕಲ್ ಇರುವ ಬ್ಲಾಕನ್ನು ರಾತ್ರಿಯಿಡೀ ಹುಳಿಯಲ್ಲಿ ಬಿಡುವುದು ಬೇಡ. ಲೇಪನ ಎದ್ದಿರುವ ಅಂಚಿನ ಕೆಳಗೆ ಹುಳಿ ನುಗ್ಗಿ ಇನ್ನಷ್ಟು ಎಬ್ಬಿಸುತ್ತದೆ. ಆಮೇಲೆ ಅಡುಗೆ ಸೋಡಾ ನೀರು, ಕೊನೆಗೆ ಡಿಸ್ಟಿಲ್ಡ್ ವಾಟರ್.

ಅಷ್ಟರಲ್ಲಿ ಒಂದು ಕೆಲಸ ಗಡುವಿಗೆ ಕೊಡಬೇಕಿತ್ತು. ಹಾಗಾಗಿ ಲೇಪನ ಕಿತ್ತುಹೋಗಿದ್ದ ಬ್ಲಾಕನ್ನೇ ತೊಳೆದು, ಟ್ಯೂಬ್ ಬದಲಾಯಿಸಿ ಮತ್ತೆ ಕೂರಿಸಿದೆ. ಅದೇ ರೆಂಡರ್. 74 ಡಿಗ್ರಿ. ಪ್ರೊಸೆಸರ್ ಮಟ್ಟಿಗೆ ಸಮಸ್ಯೆ ಅಲ್ಲಿಗೇ ಮುಗಿದಿತ್ತು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಬ್ಲಾಕಿಗೆ ಕನ್ನಡಿ ಪಾಲಿಶ್ ಮಾಡಿ ಇಷ್ಟು ಡಿಗ್ರಿ ಇಳಿಸಿದೆ ಅಂತ ಹೇಳುವವರು ಬಹಳ. ಅವರು ಪಾಲಿಶ್ ಮಾಡುವಾಗ ತೊಳೆದೂ ಇರುತ್ತಾರೆ, ಪೇಸ್ಟ್ ಹೊಸದು ಹಚ್ಚಿರುತ್ತಾರೆ. ಇಳಿದದ್ದು ಯಾವುದರಿಂದ ಅನ್ನುವುದನ್ನು ಬೇರೆ ಮಾಡಿ ನೋಡಿರುವುದಿಲ್ಲ.

ಹಾಗಾದರೆ ಮತ್ತೆ ನಿಕ್ಕಲ್ ಯಾಕೆ? ಎರಡು ಕಾರಣ. ಎದ್ದ ಲೇಪನ ಅಲ್ಲಿಗೇ ನಿಲ್ಲುವುದಿಲ್ಲ, ಚೂರು ಚೂರಾಗಿ ಬೀಳುತ್ತಲೇ ಇರುತ್ತದೆ, ಮತ್ತೆ ಸಂದಿ ಕಟ್ಟುತ್ತದೆ. ಇನ್ನೊಂದು, ಮುಚ್ಚಳ ಪಾರದರ್ಶಕ. ಒಳಗಿನ ಕಲೆ ದಿನಾ ಕಣ್ಣಿಗೆ ಬೀಳುತ್ತದೆ. ಹಳೆ ನಿಕ್ಕಲನ್ನು ಪೂರ್ತಿ ತೆಗೆಸಿ ಬರೀ ತಾಮ್ರ ಇಟ್ಟುಕೊಂಡರೂ ನಡೆಯುತ್ತದೆ. ತಾಮ್ರ ಕಪ್ಪಾಗುತ್ತದೆ ಅಷ್ಟೆ, ಬಿಸಿ ಸಾಗಿಸುವುದಕ್ಕೆ ಅದರಿಂದ ಏನೂ ತೊಂದರೆ ಇಲ್ಲ. ಬುದ್ಧಿ ಹೇಳಿದ್ದು ಅದನ್ನೇ. ಆದರೂ ಚಂದ ಅನ್ನುವುದೂ ಒಂದು ಕಾರಣವೇ ಅಲ್ವಾ.

ಮನೆಯಲ್ಲೇ ವಿನೆಗರ್, ನಿಕ್ಕಲ್ ತುಂಡು, ಚಾರ್ಜರ್ ಇಟ್ಟುಕೊಂಡು ಲೇಪನ ಮಾಡುವ ವಿಡಿಯೋಗಳು ಬೇಕಾದಷ್ಟಿವೆ. ನಾನು ಆ ದಾರಿಗೆ ಹೋಗಲಿಲ್ಲ. ಉಳಿಯುವ ಹಸಿರು ನೀರಿನಲ್ಲಿ ನಿಕ್ಕಲ್ ಲವಣ ಇರುತ್ತದೆ. ಅದು ವಿಷ, ಚರ್ಮಕ್ಕೂ ಅಲರ್ಜಿ. ಮೋರಿಗೆ ಸುರಿಯುವ ಹಾಗಿಲ್ಲ. ಇನ್ನೊಂದು ಕಾರಣ ಕೆಲಸಕ್ಕೇ ಸಂಬಂಧಿಸಿದ್ದು. ಕರೆಂಟಿನಿಂದ ಲೇಪನ ಮಾಡಿದರೆ ಲೋಹ ಎದ್ದಿರುವ ತುದಿ, ಅಂಚುಗಳ ಮೇಲೆ ಜಾಸ್ತಿ ಕೂರುತ್ತದೆ. ಆಳವಾದ ಸಂದಿಯ ತಳಕ್ಕೆ ಹೆಚ್ಚು ಕಡಿಮೆ ಏನೂ ತಲುಪುವುದಿಲ್ಲ. ಫಿನ್‌ಗಳಿಗೆ ಬೇಕಾದ್ದು ಎಲೆಕ್ಟ್ರೋಲೆಸ್ ನಿಕ್ಕಲ್. ಅದಕ್ಕೆ ಕರೆಂಟ್ ಇಲ್ಲ, ರಾಸಾಯನಿಕ ಕ್ರಿಯೆಯಿಂದಲೇ ಕೂರುತ್ತದೆ. ದ್ರಾವಣ ಎಲ್ಲೆಲ್ಲಿ ತಾಗುತ್ತದೋ ಅಲ್ಲೆಲ್ಲ ಒಂದೇ ದಪ್ಪ.

ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಪ್ಲೇಟಿಂಗ್ ಶಾಪ್‌ಗಳಿಗೆ ಕೊರತೆ ಇಲ್ಲ. ಕೊರತೆ ಇರುವುದು ಒಂದೇ ಒಂದು ಪೀಸ್ ತೆಗೆದುಕೊಳ್ಳುವವರಿಗೆ. ಅವರಿಗೆ ಬರುವುದು ಬುಟ್ಟಿಗಟ್ಟಲೆ ವಾಲ್ವ್, ಶಾಫ್ಟ್. ಅಂಗೈ ಅಗಲದ ತಾಮ್ರದ ತುಂಡು ಹಿಡಿದು ಹೋದವನನ್ನು ಕಂಡು ಕೆಲವರು ನಕ್ಕೇ ಕಳಿಸಿದರು. ಕೊನೆಗೆ ಒಬ್ಬ ಹಿರಿಯರು ಒಪ್ಪಿದರು, ಒಂದು ಷರತ್ತಿನ ಮೇಲೆ: ಬೇರೆಯವರ ಬ್ಯಾಚ್ ಬಾತಿಗೆ (ಲೇಪನದ ದ್ರಾವಣ ಇರುವ ತೊಟ್ಟಿಗೆ) ಇಳಿಯುವ ದಿನ ಇದನ್ನೂ ಜೊತೆಗೆ ನೇತು ಹಾಕುತ್ತೇವೆ, ಅಲ್ಲಿಯವರೆಗೆ ಕಾಯಬೇಕು. ಫಿನ್‌ಗಳನ್ನು ಲೆನ್ಸ್ ಇಟ್ಟು ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, "ಈ ಸಂದಿಲಿ ಆಸಿಡ್ ನಿಂತ್ಕೊಂಡು ನನ್ನ ಬಾತಿಗೆ ಬಂದ್ರೆ ಯಾರು ಕೊಡ್ತಾರೆ?" ನ್ಯಾಯವಾದ ಪ್ರಶ್ನೆ. ಹಿಂದಿನ ತೊಟ್ಟಿಯ ದ್ರಾವಣ ಮುಂದಿನದಕ್ಕೆ ಸೇರಿದರೆ ಇಡೀ ಬಾತ್ ಕೆಡುತ್ತದೆ. ಹಾಗಾಗಿ ನನ್ನ ತುಂಡಿಗೆ ಉಳಿದವಕ್ಕಿಂತ ಜಾಸ್ತಿ ಸ್ನಾನ ಆಯಿತು.

ಅವರು ಇನ್ನೊಂದು ಮಾತು ಹೇಳಿದರು. ಪ್ಲೇಟಿಂಗ್ ಗೀರು ಮುಚ್ಚುವುದಿಲ್ಲ. ಅಡಿಯಲ್ಲಿ ಹೇಗಿದೆಯೋ ಮೇಲೂ ಹಾಗೇ ಕಾಣುತ್ತದೆ. ಮೇಲ್ಮೈ ಕೆಲಸ ಏನಿದ್ದರೂ ಮೊದಲೇ ಮುಗಿಸಿ ತನ್ನಿ.

ಅದಕ್ಕೆ ಮೊದಲು ತಳ ಉಜ್ಜುವ ಕೆಲಸ. ಇಲ್ಲಿ ಒಂದು ಸೂಕ್ಷ್ಮ ಇದೆ. ಎಷ್ಟೋ ಬ್ಲಾಕ್‌ಗಳ ತಳ ನೋಡಲು ಚಪ್ಪಟೆ ಅನಿಸಿದರೂ ಮಧ್ಯದಲ್ಲಿ ಚೂರು ಉಬ್ಬಿರುತ್ತದೆ. ಅದು ದೋಷ ಅಲ್ಲ, ಬೇಕಂತಲೇ ಮಾಡಿದ್ದು. ಚಿಪ್ಪಿನ ನಟ್ಟ ನಡುವೆ ಬಿಸಿ ಹುಟ್ಟುವ ಪ್ರೊಸೆಸರ್‌ಗಳಲ್ಲಿ ಅಲ್ಲೇ ಒತ್ತಡ ಜಾಸ್ತಿ ಬೀಳಲಿ ಅಂತ. ಅಂಥ ಪ್ರೊಸೆಸರ್ ಇರುವವರು ತಳವನ್ನು ಚಪ್ಪಟೆ ಮಾಡಿದರೆ ಬಿಸಿ ಏರಬಹುದು. ಆದರೆ 5900ಎಕ್ಸ್‌ನಲ್ಲಿ ಲೆಕ್ಕ ಮಾಡುವ ಕೋರ್‌ಗಳಿರುವ ಎರಡು ಚಿಪ್ಲೆಟ್‌ಗಳು (ಪುಟ್ಟ ಚಿಪ್‌ಗಳು) ಒಂದು ಪಕ್ಕಕ್ಕೆ ಇವೆ, ಇನ್ನೊಂದು ಪಕ್ಕದಲ್ಲಿ ಡೇಟಾ ಒಳಗೆ ಹೊರಗೆ ಸಾಗಿಸುವ ಐಓ ಚಿಪ್. ಮಧ್ಯದ ಉಬ್ಬಿನಿಂದ ನನಗೆ ಲಾಭ ಇರಲಿಲ್ಲ.

ಗಾಜಿನಂಗಡಿಯಿಂದ ದಪ್ಪ ಗಾಜಿನ ತುಂಡು ತಂದೆ. ಚಪ್ಪಟೆ ಅನ್ನುವುದಕ್ಕೆ ಕಡಿಮೆ ದುಡ್ಡಿನಲ್ಲಿ ಸಿಗುವ ಅತ್ಯುತ್ತಮ ವಸ್ತು ಅದು. ಅದರ ಮೇಲೆ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಸ್ಯಾಂಡ್‌ಪೇಪರ್, ಅಂಕೆ ಜಾಸ್ತಿ ಆದಷ್ಟೂ ನುಣುಪು) ಅಂಟಿಸಿ, ಸೋಪಿನ ನೀರು ಚಿಮುಕಿಸಿದೆ. ಬ್ಲಾಕಿನ ತಳಕ್ಕೆ ಪರ್ಮನೆಂಟ್ ಮಾರ್ಕರ್‌ನಿಂದ ಚೌಕುಳಿ ಗೆರೆ ಎಳೆದೆ. 600ರ ಪೇಪರ್ ಮೇಲೆ ನಿಧಾನಕ್ಕೆ ಎಂಟರ ಆಕಾರದಲ್ಲಿ ಓಡಿಸಿದೆ, ಕೈಯ ಭಾರ ಹಾಕದೆ, ಆಗಾಗ ಬ್ಲಾಕನ್ನು ಕಾಲು ಸುತ್ತು ತಿರುಗಿಸಿಕೊಂಡು. ಮಧ್ಯದ ಗೆರೆಗಳು ಮೊದಲು ಅಳಿಸಿದವು, ಮೂಲೆಯ ಗೆರೆಗಳು ಹಾಗೇ ಉಳಿದವು. ಉಬ್ಬು ಎಷ್ಟಿದೆ ಅನ್ನುವುದು ಹೀಗೆ ಕಣ್ಣಿಗೇ ಕಾಣುತ್ತದೆ. ಮೂಲೆಯ ಮಸಿಯೂ ಹೋಗುವವರೆಗೆ ಉಜ್ಜಿದ ಮೇಲೆ 800, 1000, ಕೊನೆಗೆ 1500. ಅಲ್ಲಿಗೆ ನಿಲ್ಲಿಸಿದೆ. ಇನ್ನೂ ಮುಂದೆ ಹೋದರೆ ಮುಖ ನೋಡಿಕೊಳ್ಳಬಹುದು, ಬಿಸಿಗೆ ಸಂಬಂಧ ಇಲ್ಲ. ಉಳಿದ ಗೀರನ್ನು ತುಂಬುವುದಕ್ಕೇ ಪೇಸ್ಟ್ ಇರುವುದು. ಕೈಗೆ ಗ್ಲೌಸ್ ಇರಲಿ, ನಿಕ್ಕಲ್ ಬೆರೆತ ಆ ಕೆಸರು ನೀರು ಚರ್ಮಕ್ಕೆ ಒಳ್ಳೆಯದಲ್ಲ. ಒಣಗಿಸಿ ಉಜ್ಜುವುದಂತೂ ಬೇಡವೇ ಬೇಡ.

ಬಾತಿಗೆ ಇಳಿಸುವ ದಿನ ಹಿರಿಯರು ನನ್ನನ್ನೂ ನಿಲ್ಲಿಸಿಕೊಂಡರು. ಮೊದಲು ಬಿಸಿ ಕ್ಷಾರದಲ್ಲಿ ಜಿಡ್ಡು ತೆಗೆದರು. ನಂತರ ಹಳೆ ನಿಕ್ಕಲ್ ಬಿಡಿಸುವ ದ್ರಾವಣ. ಇದಕ್ಕೆ ಸುಮ್ನೆ ನೈಟ್ರಿಕ್ ಆಸಿಡ್ ಹಾಕಿದರೆ ತಾಮ್ರವನ್ನೇ ತಿಂದು ಹಾಕುತ್ತದಂತೆ, ಅದಕ್ಕೇ ತಾಮ್ರ ಉಳಿಸಿ ನಿಕ್ಕಲ್ ಮಾತ್ರ ಕರಗಿಸುವ ಬೇರೆಯೇ ಮಿಶ್ರಣ ಇಟ್ಟಿದ್ದರು. ಅದರಿಂದ ಎತ್ತಿ, ತೊಳೆದು, ಆಸಿಡ್‌ನಲ್ಲಿ ಒಮ್ಮೆ ಅದ್ದಿದಾಗ ತಾಮ್ರ ತಿಳಿ ಗುಲಾಬಿ ಬಣ್ಣಕ್ಕೆ ಬಂತು. ಆ ಬಣ್ಣ ನೋಡಿದ ಮೇಲೆ ತಡ ಮಾಡುವಂತಿಲ್ಲ, ಗಾಳಿಗೆ ಮತ್ತೆ ಮಂಕಾಗುತ್ತದೆ.

ನಿಕ್ಕಲ್ ಬಾತ್ ಹಸಿರು ಬಣ್ಣದ್ದು. ಬಿಸಿ 88 ಡಿಗ್ರಿ, ಮೇಲೆ ಆವಿ. ಫಿನ್‌ಗಳು ನೆಟ್ಟಗೆ ನಿಲ್ಲುವ ಹಾಗೆ ತಂತಿ ಕಟ್ಟಿ ಇಳಿಸಿದರು. ಕ್ರಿಯೆಯಲ್ಲಿ ಹೈಡ್ರೋಜನ್ ಗುಳ್ಳೆ ಏಳುತ್ತದೆ, ಮಲಗಿಸಿದರೆ ಗುಳ್ಳೆ ಸಂದಿಯಲ್ಲೇ ಕೂತು ಅಲ್ಲಿ ಲೇಪನ ಆಗುವುದಿಲ್ಲ. ಇಳಿಸಿದ ಮೇಲೂ ಏನೂ ಆಗಲಿಲ್ಲ. ಪಕ್ಕದಲ್ಲಿದ್ದ ಉಕ್ಕಿನ ಶಾಫ್ಟ್‌ಗಳ ಮೈಯೆಲ್ಲ ಗುಳ್ಳೆ, ನನ್ನ ತಾಮ್ರ ಸುಮ್ಮನೆ ನೇತಾಡುತ್ತಿತ್ತು. ಅವರು ನಕ್ಕರು. ಒಂದು ಕಬ್ಬಿಣದ ಸರಳು ತೆಗೆದುಕೊಂಡು ದ್ರಾವಣದ ಒಳಗೇ ತಾಮ್ರಕ್ಕೆ ತಾಗಿಸಿ ಹಿಡಿದರು. ಸ್ವಲ್ಪ ಹೊತ್ತಿಗೆ ತಾಗಿಸಿದ ಜಾಗದಿಂದ ಗುಳ್ಳೆ ಶುರುವಾಗಿ ಇಡೀ ತಟ್ಟೆಗೆ ಹರಡಿತು. ಸರಳು ತೆಗೆದ ಮೇಲೂ ನಿಲ್ಲಲಿಲ್ಲ. ಈ ದ್ರಾವಣದಲ್ಲಿ ತಾಮ್ರದ ಮೇಲೆ ಕ್ರಿಯೆ ತಾನಾಗಿ ಶುರುವಾಗುವುದಿಲ್ಲ. ಕಬ್ಬಿಣ ತಾಗಿದಾಗ ಎರಡು ಲೋಹಗಳ ನಡುವೆ ಸಣ್ಣ ಕರೆಂಟ್ ಹುಟ್ಟಿ ಮೊದಲ ಪದರ ಕೂರುತ್ತದೆ. ಆಮೇಲೆ ನಿಕ್ಕಲ್ ಮೇಲೆ ನಿಕ್ಕಲ್ ತಾನೇ ಬೆಳೆಯುತ್ತದೆ. ಪುಸ್ತಕದಲ್ಲಿ ಓದಿದ್ದರೂ ಕಣ್ಣೆದುರು ನೋಡಿದಾಗ ಮಜವೇ ಬೇರೆ.

ಇಂಥ ಬಾತಿನಲ್ಲಿ ಗಂಟೆಗೆ ಸುಮಾರು 10ರಿಂದ 20 ಮೈಕ್ರಾನ್ ಕೂರುತ್ತದೆ. ನನಗೆ 10 ಮೈಕ್ರಾನಿಗಿಂತ ಜಾಸ್ತಿ ಬೇಡ ಅಂದಿದ್ದೆ. ದಪ್ಪ ಆದಷ್ಟೂ ಫಿನ್ ಸಂದಿ ಎರಡೂ ಕಡೆಯಿಂದ ಕಿರಿದಾಗುತ್ತದೆ. ಈ ನಿಕ್ಕಲ್‌ನಲ್ಲಿ ರಂಜಕ ಬೆರೆತಿರುವುದರಿಂದ ತಾಮ್ರದ ಮುಂದೆ ಬಿಸಿ ಸಾಗಿಸುವುದರಲ್ಲಿ ತೀರಾ ಹಿಂದೆ. ಆದರೆ ಇಷ್ಟು ತೆಳು ಪದರಕ್ಕೆ ಲೆಕ್ಕ ಹಾಕಿದರೆ ವ್ಯತ್ಯಾಸ ಒಂದು ಡಿಗ್ರಿಯೂ ಬರುವುದಿಲ್ಲ. ಎತ್ತಿದಾಗ ಬಣ್ಣ ಸ್ಟೀಲಿನದ್ದಲ್ಲ, ತುಸು ಹಳದಿ ಛಾಯೆಯ ಬೆಳ್ಳಿ. ಫಿನ್‌ಗಳ ತಳದವರೆಗೂ ಒಂದೇ ಸಮ.

ಮುಚ್ಚಳದ ಗೀರುಗಳನ್ನು ಮನೆಯಲ್ಲೇ 2000 ಮತ್ತು 3000ದ ಪೇಪರಿನಿಂದ ಒದ್ದೆಯಾಗಿ ಉಜ್ಜಿ, ಕಾರಿನ ಹೆಡ್‌ಲೈಟ್ ಪಾಲಿಶ್ ಹಚ್ಚಿದೆ. ಓ-ರಿಂಗ್ ಕೂರುವ ಕಾಲುವೆಗೆ ಮಾತ್ರ ಪೇಪರ್ ತಾಗಿಸಲಿಲ್ಲ. ಹಳೆ ಓ-ರಿಂಗ್ ಒತ್ತಿ ಒತ್ತಿ ಚಪ್ಪಟೆಯಾಗಿತ್ತು. ಎಸ್.ಜೆ.ಪಿ. ರಸ್ತೆಯಲ್ಲಿ ಅಳತೆ ತೋರಿಸಿ ಇಪಿಡಿಎಂ ರಬ್ಬರಿನದ್ದೇ ತಂದೆ. ಅದಕ್ಕೆ ಹಚ್ಚುವುದು ಸಿಲಿಕೋನ್ ಗ್ರೀಸ್ ಮಾತ್ರ. ವ್ಯಾಸಲೀನ್ ಹಚ್ಚಿದರೆ ಇಪಿಡಿಎಂ ಉಬ್ಬಿ ಹಾಳಾಗುತ್ತದೆ. ಸ್ಕ್ರೂಗಳನ್ನು ಎದುರು ಬದುರು ಜೋಡಿಯಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಫಿಟ್ಟಿಂಗ್‌ಗಳಿಗೆ ಕೈಬಿಗಿ ಸಾಕು, ಸ್ಪ್ಯಾನರ್ ಹಾಕಿದರೆ ಅಕ್ರಿಲಿಕ್ ಸೀಳುತ್ತದೆ.

ನೀರು ತುಂಬುವ ಮೊದಲು ಗಾಳಿಯಿಂದ ಪರೀಕ್ಷೆ ಮಾಡುವುದು ನೆಮ್ಮದಿ. ಮೀಟರ್ ಇರುವ ಕೈಪಂಪಿನಿಂದ ಅರ್ಧ ಬಾರ್ ಒತ್ತಡ ಹಾಕಿ ಅರ್ಧ ಗಂಟೆ ಬಿಟ್ಟೆ. ಮುಳ್ಳು ಕದಲಲಿಲ್ಲ. ನಂತರ ಮದರ್‌ಬೋರ್ಡು, ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡಿಗೆ ಹೋಗುವ ಪವರ್ ಕನೆಕ್ಟರ್‌ಗಳನ್ನೆಲ್ಲ ಕಿತ್ತು, 24 ಪಿನ್ ಕನೆಕ್ಟರಿನ ಹಸಿರು ವೈರಿನ ಪಿನ್ನಿಗೂ ಪಕ್ಕದ ಕಪ್ಪು ವೈರಿಗೂ ಜಂಪರ್ ಕೊಟ್ಟು ಪಂಪ್ ಮಾತ್ರ ಓಡಿಸಿದೆ. ಬ್ಲಾಕಿನ ಸುತ್ತ ಟಿಶ್ಯೂ ಪೇಪರ್. ಹೀಗೆ ಮಾಡಿದರೆ ಎಲ್ಲಾದರೂ ಸೋರಿದರೂ ಬೋರ್ಡಿಗೆ ಕರೆಂಟ್ ಇರುವುದಿಲ್ಲ.

ನೀರಿನ ವಿಷಯಕ್ಕೆ ಬಂದರೆ, ನಮ್ಮ ಬೋರ್ ನೀರಂತೂ ದೂರದ ಮಾತು, ಗೀಸರ್ ಕಾಯಿಲ್ ನೋಡಿದವರಿಗೆ ಗೊತ್ತು. ಆರ್‌ಓ ನೀರಿನಲ್ಲೂ ಲವಣ ಉಳಿದಿರುತ್ತದೆ. ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಅನ್ನು ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿಯೇ ಹಾಕುವುದು ಒಳ್ಳೆಯದು, ಕ್ಯಾನಿನ ಮೇಲೆ ಬರೆದದ್ದೆಲ್ಲ ನಿಜ ಇರುವುದಿಲ್ಲ. ಅದಕ್ಕೆ ಬಣ್ಣ ಇಲ್ಲದ, ತುಕ್ಕು ಮತ್ತು ಪಾಚಿ ತಡೆಯುವ ಕೂಲಂಟ್ ಬೆರೆಸಿದೆ. ಟ್ಯೂಬ್ ಈಗ ಕಪ್ಪು ಇಪಿಡಿಎಂ. ಒಳಗೆ ಏನೂ ಕಾಣುವುದಿಲ್ಲ ಅನ್ನುವುದೊಂದೇ ಅದರ ಕೊರತೆ. ನೀರಿಗೆ ಬೆಳ್ಳಿ ತಂತಿ ಹಾಕುವ ಹಳೆ ರೂಢಿಯನ್ನೂ ಬಿಟ್ಟೆ, ನಿಕ್ಕಲ್ ಜೊತೆ ಬೆಳ್ಳಿ ಸರಿ ಬರುವುದಿಲ್ಲ.

ಅದೇ ರೆಂಡರ್ ಮತ್ತೆ ಓಡಿಸಿದೆ. 73. ತಳ ಉಜ್ಜಿದ್ದು, ಹೊಸ ಲೇಪನ, ಹೊಸ ಪೇಸ್ಟ್, ಎಲ್ಲ ಸೇರಿ ಸಿಕ್ಕಿದ್ದು ಒಂದು ಡಿಗ್ರಿ. ಅದು ಕೋಣೆಯ ಬಿಸಿ ಏರಿಳಿದದ್ದರಿಂದಲೂ ಆಗಿರಬಹುದು. ಈಗ ನಾನು ಬರೆದಿಟ್ಟುಕೊಳ್ಳುವುದು ಚಿಪ್ಪಿನ ಮತ್ತು ನೀರಿನ ಬಿಸಿಯ ವ್ಯತ್ಯಾಸವನ್ನು. ಕೆಟ್ಟಾಗ 52 ಇತ್ತು, ಈಗ 36. ಅದು 42 ದಾಟಿದರೆ ಬ್ಲಾಕ್ ಬಿಚ್ಚುವುದು, ಇಲ್ಲದಿದ್ದರೆ ಕೈ ಹಚ್ಚುವುದಿಲ್ಲ. ಗ್ರಾಫಿಕ್ಸ್ ಕಾರ್ಡಿನ ಬ್ಲಾಕ್ ಮಾತ್ರ ಇನ್ನೂ ಬಿಚ್ಚಿಲ್ಲ. ಅದಕ್ಕೆ ಸರಿಯಾದ ದಪ್ಪದ ಥರ್ಮಲ್ ಪ್ಯಾಡ್ ಎಸ್.ಪಿ. ರಸ್ತೆಯಲ್ಲಿ ಸಿಕ್ಕ ಮೇಲೆ ನೋಡಬೇಕು.